ಅಕ್ಷರ ಮೂಡಿಸದ ಟೈಪ್‌ರೈಟರ್: ಲೆಗೋ 21327 ಜೋಡಿಸಿದ ಅನುಭವ

ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳ ಆಟಿಕೆ ಮಾಡುವ ಲೆಗೋ ಕಂಪನಿಯ 21327ನೇ ಸಂಖ್ಯೆಯ ಟೈಪ್‌ರೈಟರ್ ಸೆಟ್ಟಿನಲ್ಲಿ 2,079 ಬಿಡಿಭಾಗಗಳಿವೆ. ಅಷ್ಟನ್ನೂ ಜೋಡಿಸಿ ಮುಗಿಸಿದ ಮೇಲೆ ಕೀಲಿಗಳು ಒತ್ತಿದಂತೆ ತಗ್ಗುತ್ತವೆ, ಕಾಗದವನ್ನು ಹೊತ್ತು ಪಕ್ಕಕ್ಕೆ ಸಾಗುವ ಕ್ಯಾರೇಜ್ ಸರಿಯುತ್ತದೆ, ರೋಲರಿಗೆ ನಿಜವಾದ ಕಾಗದವನ್ನೂ ಸುತ್ತಬಹುದು. ಆದರೆ ಆ ಕಾಗದದ ಮೇಲೆ ಒಂದಕ್ಷರವೂ ಮೂಡುವುದಿಲ್ಲ. ಈ ಕೊನೆಯ ಸಂಗತಿಯನ್ನು, ಧಾರವಾಡದ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಬೆರಳಚ್ಚುಗಾರ್ತಿಯಾಗಿದ್ದ ನನ್ನ ತಾಯಿಗೆ ತಿಳಿಸಿದಾಗ, ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು, “ಬರಿಯೂದಿಲ್ಲಂದ್ರ ಇದನ್ನ ಯಾಕ ಮಾಡ್ಯಾರ?” ಎಂದು ಕೇಳಿದರು. ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಇಷ್ಟು ದಿನ ಇದನ್ನು ಮನೆಯಲ್ಲಿಟ್ಟುಕೊಂಡು ನೋಡಿದ ಮೇಲೆ ಈ ಸೆಟ್ಟಿನ ಬಗ್ಗೆ ಬರೆಯುವಷ್ಟು ಧೈರ್ಯ ಬಂದಿದೆ.

ನನಗೀಗ ನಲವತ್ತಾರು ವರ್ಷ. ಬ್ಯಾಂಕಿನಲ್ಲಿ ಕೆಲಸ, ವಾಸ ಧಾರವಾಡದ ಸಪ್ತಾಪುರದಲ್ಲಿ. ಮನೆಯ ಒಂದು ಕೋಣೆಯ ಎರಡು ಗೋಡೆಗಳನ್ನು ಪ್ಲಾಸ್ಟಿಕ್ ಇಟ್ಟಿಗೆಯ ಸೆಟ್ಟುಗಳ ಕಪಾಟುಗಳು ಆವರಿಸಿವೆ. ಹನ್ನೊಂದು ವರ್ಷಗಳಲ್ಲಿ ಒಂದೊಂದಾಗಿ ಬಂದು ಸೇರಿದವು ಅವು. ಈ ಹವ್ಯಾಸದ ಬಗ್ಗೆ ಮೊದಲಿದ್ದ ಸಂಕೋಚ ಈಗ ಬಹುಪಾಲು ಹೋಗಿದೆಯಾದರೂ ಪೂರ್ತಿ ಹೋಗಿಲ್ಲ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಕಡೆ ಹೋದಾಗಲೆಲ್ಲ ನಾನು ತಪ್ಪದೆ ಒಳಹೊಕ್ಕು ಬರುವ ಆಟಿಕೆ ಅಂಗಡಿಯೊಂದಿದೆ. ಅಲ್ಲಿ ಡಬ್ಬಿಯ ಹಿಂಬದಿಯನ್ನು ಓದುತ್ತ ನಿಂತಿದ್ದ ನನ್ನನ್ನು ಕಂಡು ಮಾಲೀಕರು “ಹುಡುಗಗ ಎಷ್ಟ ವರ್ಷರೀ?” ಎಂದು ವಿಚಾರಿಸಿದಾಗ “ಎಂಟು” ಎಂದು ಸುಳ್ಳು ಹೇಳಿ ಹೊರಬಿದ್ದಿದ್ದೆ. ಮರುವರ್ಷ ಹೋದಾಗ ಅವರು ಅದನ್ನು ನೆನಪಿಟ್ಟುಕೊಂಡು “ಈಗ ಒಂಬತ್ತಾಗಿರಬೇಕಲ್ರೀ” ಎಂದಾಗ ನಿಜ ಹೇಳದೆ ಗತ್ಯಂತರವಿರಲಿಲ್ಲ. ಅವರು ನಗಲಿಲ್ಲ, ಹಾಗಿದ್ದರೆ ಸ್ವಲ್ಪ ದೊಡ್ಡದನ್ನೇ ನೋಡಿ ಎಂದು ಏಣಿ ಹತ್ತಿ ಮೇಲಿನ ಸಾಲಿನಿಂದ ಇನ್ನೊಂದು ಡಬ್ಬಿ ಇಳಿಸಿದರು. ಆದರೂ ನಮ್ಮ ಅವಳಿ ನಗರದ ಅಂಗಡಿಗಳಲ್ಲಿ ನನಗೆ ಕಂಡಿರುವುದು ಬಹುಮಟ್ಟಿಗೆ ಪೊಲೀಸ್ ಕಾರು, ಅಗ್ನಿಶಾಮಕ ವಾಹನ, ಬಣ್ಣದ ಇಟ್ಟಿಗೆಗಳ ಬಕೆಟ್ಟುಗಳಷ್ಟೇ. ಕಪ್ಪು ಡಬ್ಬಿಯ ಮೇಲೆ 18+ ಎಂದು ಅಚ್ಚಾಗಿರುವ ದೊಡ್ಡವರ ಸೆಟ್ಟುಗಳು ಬೇಕೆಂದರೆ ಬೇರೆ ದಾರಿ ಹುಡುಕಬೇಕು.

ಈ ಟೈಪ್‌ರೈಟರಿನ ಕಲ್ಪನೆ ಕಂಪನಿಯ ಒಳಗೆ ಹುಟ್ಟಿದ್ದಲ್ಲ. ‘ಲೆಗೋ ಐಡಿಯಾಸ್’ ಎಂಬ ವ್ಯವಸ್ಥೆಯಲ್ಲಿ ಹವ್ಯಾಸಿಗಳು ತಾವು ಕಟ್ಟಿದ ಮಾದರಿಯನ್ನು ಎಲ್ಲರ ಮುಂದಿಡಬಹುದು. ಅದಕ್ಕೆ 10,000 ಜನರ ಬೆಂಬಲ ಸಿಕ್ಕರೆ ಕಂಪನಿಯವರು ಪರಿಶೀಲನೆಗೆ ಎತ್ತಿಕೊಳ್ಳುತ್ತಾರೆ, ಹಾಗೆ ಎತ್ತಿಕೊಂಡವುಗಳಲ್ಲಿ ಕೆಲವು ಮಾತ್ರ ಮಾರಾಟದ ಸೆಟ್ಟಾಗಿ ಹೊರಬರುತ್ತವೆ. ಇದನ್ನು ಸೂಚಿಸಿದವರು ಬ್ರಿಟನ್ನಿನ ಸ್ಟೀವ್ ಗಿನ್ನೆಸ್. ಅಲ್ಲಿನ ‘ಲೆಗೋ ಮಾಸ್ಟರ್ಸ್’ ಟಿ.ವಿ. ಸ್ಪರ್ಧೆಯ ಮೊದಲ ಆವೃತ್ತಿಯನ್ನು 2017ರಲ್ಲಿ ಜೊತೆಗಾರರೊಬ್ಬರೊಂದಿಗೆ ಗೆದ್ದವರು. ಸೆಟ್ಟು ಮಾರುಕಟ್ಟೆಗೆ ಬಂದದ್ದು 2021ರಲ್ಲಿ. 1932ರಲ್ಲಿ ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ ಮರದ ಆಟಿಕೆಗಳಿಂದ ಈ ಉದ್ಯಮವನ್ನು ಆರಂಭಿಸಿದ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಅವರು ಬಳಸುತ್ತಿದ್ದ ಟೈಪ್‌ರೈಟರಿನಿಂದ ಇದರ ರೂಪವನ್ನು ಪಡೆಯಲಾಗಿದೆ. ಆ ಕುಟುಂಬದ ನಾಲ್ಕನೆಯ ತಲೆಮಾರಿನ ಥಾಮಸ್ ಕಿರ್ಕ್ ಕ್ರಿಸ್ಟಿಯಾನ್ಸೆನ್ ಅವರ ಪತ್ರವೊಂದು 43 ಭಾಷೆಗಳಲ್ಲಿ ಸೆಟ್ಟಿನ ಜೊತೆಗೇ ಬರುತ್ತದೆ. ಅದನ್ನು ರೋಲರಿಗೆ ಸಿಕ್ಕಿಸಿ ಯಂತ್ರವೇ ಟೈಪ್ ಮಾಡಿದಂತೆ ಕಾಣಿಸಬಹುದು. ನಾನು ಹಾಗೆ ಮಾಡಲಿಲ್ಲ. ನನ್ನ ಯಂತ್ರದಲ್ಲಿರುವುದು ಬೇರೆ ಕಾಗದ. ಅದರ ವಿಚಾರ ಮುಂದೆ ಬರುತ್ತದೆ.

ಅಮೆರಿಕದಲ್ಲಿ ಬಿಡುಗಡೆಯಾದಾಗ ಇದರ ಬೆಲೆ 199.99 ಡಾಲರ್ ಇತ್ತು. 2022ರ ಮಳೆಗಾಲದ ಆರಂಭದಲ್ಲಿ ನನ್ನ ಚಿಕ್ಕಪ್ಪನ ಮಗ ಅಲ್ಲಿಂದ ರಜೆಗೆ ಬರುವಾಗ ಇದನ್ನು ತಂದ; ಆಗಿನ ವಿನಿಮಯ ದರದಲ್ಲಿ ಅದು ಹದಿನೈದೂವರೆ ಸಾವಿರ ರೂಪಾಯಿಯ ಆಸುಪಾಸು. ಇದೇ ಬಗೆಯ ಸೆಟ್ಟನ್ನು ಇಲ್ಲಿ ಆಮದುದಾರರ ಮೂಲಕ ಕೊಂಡರೆ ಬೆಲೆ ಎಲ್ಲಿಗೋ ಏರುತ್ತದೆ, ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ: ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರ ಬಜೆಟ್ಟಿನಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿಸಲಾಯಿತು, 2021ರ ಜನವರಿ 1ರಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ದೇಶದೊಳಗಿನ ಆಟಿಕೆ ತಯಾರಕರಿಗೆ ಇದರಿಂದ ಅನುಕೂಲವಾಗಿರುವುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ನನ್ನಂಥವರು ವಿದೇಶದಲ್ಲಿರುವ ನೆಂಟರ ಸೂಟ್‌ಕೇಸಿನ ತೂಕದ ಲೆಕ್ಕ ಹಾಕುವವರಾಗಿದ್ದೇವೆ ಎಂಬುದೂ ಸುಳ್ಳಲ್ಲ. ಮದುವೆ, ಗೃಹಪ್ರವೇಶ, ಅಜ್ಜಿಯ ಎಂಬತ್ತನೆಯ ಹುಟ್ಟುಹಬ್ಬ, ಯಾವುದೇ ನೆಪದಲ್ಲಿ ಯಾರಾದರೂ ಊರಿಗೆ ಬರುತ್ತಾರೆಂದು ತಿಳಿದ ಕೂಡಲೇ ನನಗೆ ಮೊದಲು ನೆನಪಾಗುವುದು ಅವರ ವಿಮಾನದ ಲಗೇಜ್ ಮಿತಿ.

ಚಿಕ್ಕಪ್ಪನ ಮಗ ಸೆಟ್ಟನ್ನೇನೋ ತಂದ, ಡಬ್ಬಿಯನ್ನು ತರಲಿಲ್ಲ. ಡಬ್ಬಿ ದೊಡ್ಡದು, ಅದರೊಳಗೆ ಅರ್ಧ ಬರೀ ಗಾಳಿ ಎಂದು ಅದನ್ನು ಅಲ್ಲಿಯೇ ಬಿಟ್ಟು, ಒಳಗಿನ ಚೀಲಗಳನ್ನು ಬಟ್ಟೆಗಳ ನಡುವೆ ತುರುಕಿಕೊಂಡು ಬಂದಿದ್ದ. ಒಂದು ಚೀಲವಂತೂ ಅವನ ಬೂಟಿನೊಳಗಿಂದ ಹೊರಬಂತು. ಸಂಗ್ರಹದ ಹವ್ಯಾಸ ಇಲ್ಲದವರಿಗೆ ಇದು ಜಾಣತನವಾಗಿ ಕಾಣುತ್ತದೆ. ಅವನ ಮುಖದಲ್ಲಿಯೂ ಅದೇ ಹೆಮ್ಮೆ ಇತ್ತು. ನಾನು “ಬಹಳ ಛಲೋ ಆತು” ಎಂದು ಹೇಳಿ ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಡಬ್ಬಿಯಿಲ್ಲದ ಸೆಟ್ಟಿಗೆ ಮರುಮಾರಾಟದಲ್ಲಿ ಬೆಲೆ ಕಡಿಮೆ. ಮಾರುವ ಉದ್ದೇಶ ನನಗಿಲ್ಲವಾದರೂ ಮಾರಬಹುದಾಗಿತ್ತು ಎಂಬ ಭಾವನೆ ಸಂಗ್ರಾಹಕನಿಗೆ ಒಂದು ಬಗೆಯ ಆಸರೆ, ಅದು ತಪ್ಪಿದ್ದಕ್ಕೆ ಸ್ವಲ್ಪ ಬೇಸರವಾಯಿತು.

ಜೋಡಣೆಗೆ ಕುಳಿತದ್ದು ಜುಲೈ ತಿಂಗಳಲ್ಲಿ. ಧಾರವಾಡದ ಜಿಟಿಜಿಟಿ ಮಳೆಗೆ ಹೇಳಿ ಮಾಡಿಸಿದ ಕೆಲಸವಿದು. ಸಂಜೆ ಏಳರ ಮೇಲೆ ಹೊರಗೆ ಹೋಗುವ ಮಾತೇ ಇರುವುದಿಲ್ಲ. ಚೀಲಗಳ ಮೇಲೆ ಕ್ರಮಸಂಖ್ಯೆ ಇರುವುದರಿಂದ ಎಲ್ಲವನ್ನೂ ಒಮ್ಮೆಲೇ ಒಡೆಯಬೇಕಾಗಿಲ್ಲ. ಆದರೂ ಒಂದು ಚೀಲದ ತುಂಡುಗಳನ್ನು ಟೇಬಲ್ಲಿನ ಮೇಲೆ ಸುರಿದರೆ ಬೇಕಾದದ್ದನ್ನು ಹುಡುಕುವುದರಲ್ಲಿಯೇ ಅರ್ಧ ಸಂಜೆ ಕಳೆಯುತ್ತದೆ. ನಾನು ಬಳಸುವುದು ಹಳೆಯ ಇಡ್ಲಿ ತಟ್ಟೆಗಳನ್ನು. ಒಂದೊಂದು ಗುಳಿಯಲ್ಲಿ ಒಂದೊಂದು ಬಗೆಯ ತುಂಡು: ಪಿನ್ನುಗಳು ಒಂದರಲ್ಲಿ, ಹಲ್ಲುಚಕ್ರಗಳು ಒಂದರಲ್ಲಿ, 3.2 ಮಿಲಿಮೀಟರ್ ದಪ್ಪದ ಪ್ಲೇಟುಗಳು ಮತ್ತೊಂದರಲ್ಲಿ. ಇಡ್ಲಿ ತಟ್ಟೆಯ ಗುಳಿ ಆಳವಿಲ್ಲದ್ದು, ಅಂಚು ಓರೆಯಾದದ್ದು. ಬೆರಳ ತುದಿಯಿಂದ ತಳ್ಳಿದರೆ ಎಂಥ ಸಣ್ಣ ತುಂಡೂ ತಾನಾಗಿ ಮೇಲೇರಿ ಕೈಗೆ ಬರುತ್ತದೆ. ವಿದೇಶದ ಹವ್ಯಾಸಿಗಳು ದುಡ್ಡು ಕೊಟ್ಟು ಕೊಳ್ಳುವ ವಿಂಗಡಣೆಯ ಟ್ರೇಗಳಲ್ಲಿ ಈ ಸೌಲಭ್ಯ ಇರುವುದನ್ನು ನಾನು ನೋಡಿಲ್ಲ. ಮನೆಯಲ್ಲಿ ಇಡ್ಲಿ ಮಾಡುವ ದಿನ ಮಾತ್ರ ಕೆಲಸ ನಿಲ್ಲಬೇಕಾಗಿತ್ತು, ಮುಂದೆ ನನ್ನ ಹೆಂಡತಿ ಹೊಸ ಸ್ಟ್ಯಾಂಡ್ ತಂದು ಹಳೆಯದನ್ನು ಶಾಶ್ವತವಾಗಿ ನನಗೆ ಬಿಟ್ಟುಕೊಟ್ಟಳು.

ಈ ಸೆಟ್ಟಿನ ಒಳಭಾಗದಲ್ಲಿ ಕಪ್ಪು ಮತ್ತು ಕಡುಬೂದು ಬಣ್ಣದ ತುಂಡುಗಳು ಹೇರಳವಾಗಿವೆ. ಹಗಲಿನ ಬೆಳಕಿನಲ್ಲಿ ಅವುಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಕರೆಂಟು ಹೋಗಿ ಇನ್ವರ್ಟರಿನ ಒಂದೇ ದೀಪ ಉಳಿದಾಗ ನನ್ನ ವಯಸ್ಸಿನ ಕಣ್ಣಿಗೆ ಎರಡೂ ಒಂದೇ. ಅಂಥದೊಂದು ಸಂಜೆ ನಾನು ಒಂದು ಪಿನ್ನನ್ನು ಇರಬೇಕಾದ ತೂತಿಗಿಂತ ಒಂದು ತೂತು ಆಚೆಗೆ ಸಿಕ್ಕಿಸಿದೆ. ಲೆಗೋದಲ್ಲಿ ಪಕ್ಕಪಕ್ಕದ ಎರಡು ತೂತುಗಳ ನಡುವಿನ ಅಂತರ 8 ಮಿಲಿಮೀಟರ್, ಇಟ್ಟಿಗೆಯ ಮೇಲಿನ ಗುಬುಟುಗಳ ನಡುವಿನ ಅಂತರವೂ ಅಷ್ಟೇ. ಆ 8 ಮಿಲಿಮೀಟರಿನ ತಪ್ಪು ನನ್ನ ಗಮನಕ್ಕೆ ಬಂದದ್ದು ಮೂರು ಸಂಜೆಗಳ ನಂತರ, ಯಂತ್ರಭಾಗವನ್ನು ಮೊದಲ ಸಲ ಆಡಿಸಿ ನೋಡಿ ಎಂದು ಕೈಪಿಡಿ ಸೂಚಿಸಿದಾಗ. ಒತ್ತಿದ ಕೀಲಿ ಕೆಳಗೆ ಹೋಯಿತು, ಮೇಲೆ ಬರಲಿಲ್ಲ. ಮಾಡಿದ್ದನ್ನೆಲ್ಲ ಬಿಚ್ಚುತ್ತ ಹಿಂದಕ್ಕೆ ಹೋಗುವಾಗ, ಯಾವ ಹಂತದಲ್ಲಿ ತಪ್ಪಿದ್ದೇನೆಂದು ಖಚಿತವಾಗುವವರೆಗೆ, ಕೈಪಿಡಿಯ ಪ್ರತಿಯೊಂದು ಪುಟವೂ ಅಪರಾಧಿಯಂತೆ ಕಾಣುತ್ತದೆ. ತಪ್ಪು ಪುಟದ್ದಾಗಿರಲಿಲ್ಲ. ಬಿಚ್ಚಲು ಒಂದು ಸಂಜೆ, ಮತ್ತೆ ಕಟ್ಟಲು ಒಂದು ಸಂಜೆ ಹೋಯಿತು. ಒಟ್ಟಾರೆ ಹನ್ನೊಂದು ಸಂಜೆ, ಸುಮಾರು ಹದಿನೆಂಟು ಗಂಟೆ. ಚುರುಕಿನವರು ಇದಕ್ಕಿಂತ ಬಹಳ ಬೇಗ ಮುಗಿಸುತ್ತಾರೆ.

ಆದರೆ ಈ ಸೆಟ್ಟಿಗೆ ನಾನು ಪೂರ್ಣ ಅಂಕ ಕೊಡುವುದು ಇದೇ ಹದಿನೆಂಟು ಗಂಟೆಗಳಿಗೆ. ನಿಜವಾದ ಟೈಪ್‌ರೈಟರಿನಲ್ಲಿ ಕ್ಯಾರೇಜನ್ನು ಒಂದು ಸ್ಪ್ರಿಂಗ್ ಸದಾ ಎಡಕ್ಕೆ ಎಳೆಯುತ್ತಿರುತ್ತದೆ, ಒಂದು ಹಲ್ಲುಚಕ್ರಕ್ಕೆ ಸಿಕ್ಕಿಕೊಂಡ ಕೊಕ್ಕೆ ಅದನ್ನು ತಡೆದು ನಿಲ್ಲಿಸಿರುತ್ತದೆ. ಕೀಲಿಯನ್ನು ಒತ್ತಿದಾಗ ಆ ಕೊಕ್ಕೆ ಒಂದೇ ಒಂದು ಹಲ್ಲಿನಷ್ಟು ಸಡಿಲ ಬಿಟ್ಟು ಮರುಕ್ಷಣವೇ ಮತ್ತೆ ಹಿಡಿಯುತ್ತದೆ. ಹೀಗಾಗಿ ಅಕ್ಷರದಿಂದ ಅಕ್ಷರಕ್ಕೆ ಅಂತರ ಒಂದೇ ಸಮನಾಗಿರುತ್ತದೆ. ಟೈಪ್ ಮಾಡಲು ಕಲಿತವರು ಕೂಡ ಈ ಒಳಗುಟ್ಟನ್ನು ನೋಡಿರುವುದು ಅಪರೂಪ, ಏಕೆಂದರೆ ಅದು ತಗಡಿನ ಹೊದಿಕೆಯ ಕೆಳಗೆ ಅಡಗಿರುತ್ತದೆ. ಇಲ್ಲಿ ಅದೇ ತತ್ತ್ವವನ್ನು ಪ್ಲಾಸ್ಟಿಕ್ಕಿನಲ್ಲಿ ನಿಮ್ಮ ಕೈಯಿಂದಲೇ ಕಟ್ಟಿಸುತ್ತಾರೆ. ಅಕ್ಷರದ ಯಾವ ಕೀಲಿಯನ್ನು ಒತ್ತಿದರೂ ನಡುವಿನ ಅಚ್ಚಿನ ಕಡ್ಡಿ ಎದ್ದು ಬೀಳುತ್ತದೆ, ಕ್ಯಾರೇಜ್ ಒಂದು ಹೆಜ್ಜೆ ಸರಿಯುತ್ತದೆ. ತಪ್ಪನ್ನು ತಿದ್ದಿಕೊಂಡ ಮೇಲೆ ಮೊದಲ ಸಲ ಆ ಹೆಜ್ಜೆ ಸರಿದದ್ದು ರಾತ್ರಿ ಹನ್ನೊಂದರ ಸುಮಾರಿಗೆ, ಮನೆಯವರೆಲ್ಲ ಮಲಗಿದ್ದರು. ಕಿಟಕಿಯ ಹೊರಗೆ ಮಳೆ, ಒಳಗೆ ಟಕ್, ಟಕ್, ಟಕ್. ಸಾಲು ಮುಗಿಯುವವರೆಗೂ ಒತ್ತಿದೆ, ಕ್ಯಾರೇಜನ್ನು ಹಿಂದಕ್ಕೆ ತಳ್ಳಿ ಮತ್ತೆ ಒತ್ತಿದೆ. ಹೊರಕವಚ ಕಟ್ಟುವ ಮೊದಲು ಎರಡು ದಿನ ಅದನ್ನು ಹಾಗೆಯೇ ತೆರೆದಿಟ್ಟುಕೊಂಡು, ಕೀಲಿ ಒತ್ತಿದಾಗ ಯಾವ ಸನ್ನೆಕೋಲು ಯಾವ ಸನ್ನೆಕೋಲನ್ನು ತಳ್ಳುತ್ತದೆ ಎಂದು ಬಗ್ಗಿ ನೋಡುತ್ತ ಕುಳಿತಿದ್ದೆ. ಹೊರಕವಚದ ಮಾಸಲು ಹಸಿರು ಬಣ್ಣ ಕಣ್ಣಿಗೆ ತಂಪಾಗಿದೆ, ದುಂಡಗಿನ ಅಂಚುಗಳೂ ಚೆನ್ನಾಗಿ ಬಂದಿವೆ, ಮೂರು ಅಡಿ ದೂರದಿಂದ ನೋಡಿದವರು ನಿಜವಾದ ಯಂತ್ರವೆಂದೇ ಭಾವಿಸುತ್ತಾರೆ; ಆದರೂ ಅದನ್ನು ಹೊದಿಸಿದಾಗ ಸ್ವಲ್ಪ ನಷ್ಟವಾದಂತೆ ಅನ್ನಿಸಿತು.

ತಾಯಿಯ ಪರೀಕ್ಷೆ ಮರುದಿನ ನಡೆಯಿತು. ಅವರು ಕುರ್ಚಿಯನ್ನು ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ಕೀಲಿಗಳ ಮೇಲೆ ತೂಗಿಸಿ ಹಿಡಿದರು. ನಿವೃತ್ತರಾಗಿ ಹದಿನೇಳು ವರ್ಷವಾಗಿದ್ದರೂ ಬೆರಳುಗಳು ಕೆಳಗೆ ನೋಡದೆಯೇ ತಮ್ಮ ಜಾಗ ಹುಡುಕಿಕೊಂಡವು. ಎಡಗೈಯ ಕಿರುಬೆರಳಿನಿಂದ ಆರಂಭಿಸಿ ಒಂದೊಂದಾಗಿ ಒತ್ತಿದರು, ನಂತರ ನಿಲ್ಲಿಸಿ, ಬಾಗಿ ಒಳಗೆ ನೋಡಿ, “ಎಲ್ಲಾದಕ್ಕೂ ಒಂದs ಕಡ್ಡಿ ಏಳ್ತದಲ್ಲೋ” ಎಂದರು. ಇಡೀ ಜಗತ್ತಿನ ವಿಮರ್ಶಕರು ಮೊದಲ ವಾಕ್ಯದಲ್ಲಿಯೇ ಬರೆದಿರಬಹುದಾದ ಕೊರತೆಯನ್ನು ಅವರು ಒಂದು ನಿಮಿಷದಲ್ಲಿ ಕಂಡುಹಿಡಿದಿದ್ದರು. ನಿಜವಾದ ಯಂತ್ರದಲ್ಲಿ ಪ್ರತಿ ಕೀಲಿಗೂ ಅದರದೇ ಕಡ್ಡಿ ಇರುತ್ತದೆ, ಇಷ್ಟು ಚಿಕ್ಕ ಜಾಗದಲ್ಲಿ ಪ್ಲಾಸ್ಟಿಕ್ಕಿನಿಂದ ಅಷ್ಟನ್ನೂ ಕಟ್ಟುವುದು ಆಗದ ಮಾತು ಎಂದು ನಾನು ಸಮಜಾಯಿಷಿ ಕೊಟ್ಟೆ. ಸಾಲಿನ ಕೊನೆ ಬಂದಾಗ ಅವರು ಇನ್ನೊಮ್ಮೆ ತಡೆದರು. ಗಂಟೆಗಾಗಿ ಕಾಯುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಸಾಲು ಮುಗಿಯಲು ಕೆಲವೇ ಅಕ್ಷರಗಳಿವೆ ಎಂದು ಎಚ್ಚರಿಸುವ ಆ ಟಿಣ್ ಎಂಬ ಸದ್ದು ಬರದೆ ಅವರ ಕೈ ಕ್ಯಾರೇಜನ್ನು ಹಿಂದಕ್ಕೆ ತಳ್ಳಲು ಏಳಲೇ ಇಲ್ಲ.

ಅವರು ಕಲಿತದ್ದು ಕನ್ನಡ, ಇಂಗ್ಲಿಷ್ ಎರಡೂ ಭಾಷೆಗಳ ಟೈಪಿಂಗನ್ನು. ಜೂನಿಯರ್, ಸೀನಿಯರ್ ಎರಡೂ ಪರೀಕ್ಷೆಗಳನ್ನು ಮುಗಿಸಿದವರು. ಕಚೇರಿಯಲ್ಲಿದ್ದದ್ದು ಗೋದ್ರೇಜ್ ಯಂತ್ರ. 1955ರಲ್ಲಿ ಟೈಪ್‌ರೈಟರ್ ತಯಾರಿಸಲು ತೊಡಗಿದ ಆ ಕಂಪನಿ 2009ರವರೆಗೂ ಅದನ್ನು ಮುಂದುವರಿಸಿತ್ತು. ಕನ್ನಡದ ಟೈಪ್‌ರೈಟರಿಗೆ ಕೆ. ಅನಂತಸುಬ್ಬರಾಯರು ಕೀಲಿಮಣೆಯನ್ನು ರೂಪಿಸಿಕೊಟ್ಟ ಮೇಲೆ ಇಷ್ಟೆಲ್ಲ ಕಾಗುಣಿತ ಮತ್ತು ಒತ್ತಕ್ಷರಗಳ ನಮ್ಮ ಲಿಪಿ ಇಂಗ್ಲಿಷಿನ ಯಂತ್ರದ ಚೌಕಟ್ಟಿನೊಳಗೆ ಕೂರುವುದು ಸಾಧ್ಯವಾಯಿತು. ಅದರ ಒಂದು ವಿಶೇಷವನ್ನು ತಾಯಿ ಆ ದಿನ ನನಗೆ ವಿವರಿಸಿದರು: ಕೆಲವು ಕೀಲಿಗಳನ್ನು ಒತ್ತಿದರೆ ಕ್ಯಾರೇಜ್ ಸರಿಯುತ್ತಲೇ ಇರಲಿಲ್ಲ. ಅಚ್ಚು ಬೀಳುತ್ತಿತ್ತು, ಆದರೆ ಕಾಗದ ಇದ್ದಲ್ಲಿಯೇ ಇರುತ್ತಿತ್ತು. ಮುಂದಿನ ಕೀಲಿಯ ಗುರುತು ಅದರದೇ ಮೇಲೋ ಕೆಳಗೋ ಬಂದು ಕೂಡಿಕೊಂಡು ಒಂದು ಪೂರ್ಣ ಅಕ್ಷರವಾಗುತ್ತಿತ್ತು. ಅವಕ್ಕೆ ಡೆಡ್ ಕೀ ಎನ್ನುತ್ತಿದ್ದರಂತೆ. “ಇದ್ರಾಗ ಡೆಡ್ ಕೀ ಇಲ್ಲ, ಎಲ್ಲಾನೂ ಓಡತಾವ” ಎಂದು ಅವರು ಲೆಗೋ ಯಂತ್ರದ ಬಗ್ಗೆ ಕೊಟ್ಟ ತೀರ್ಪನ್ನು ನಾನು ಯಾವ ವಿಮರ್ಶೆಯಲ್ಲಿಯೂ ಓದಿಲ್ಲ. ಕೀಲಿಗಳ ಮೇಲಿರುವುದು ಇಂಗ್ಲಿಷ್ ಅಕ್ಷರಗಳು. ಅವನ್ನು ಬದಲಿಸಿ ಕನ್ನಡದವನ್ನು ಕೂರಿಸಬೇಕೆಂದು ಕೆಲವು ದಿನ ಯೋಚಿಸಿ, ಪಾರದರ್ಶಕ ಸ್ಟಿಕರ್‌ಗಳ ಮೇಲೆ ಮುದ್ರಿಸಿಯೂ ನೋಡಿದೆ. ಸರಿಯಾಗಿ ಕಾಣಲಿಲ್ಲ, ತೆಗೆದುಬಿಟ್ಟೆ.

ಅವರು ಎದ್ದು ಹೋಗುವ ಮುನ್ನ ತಮ್ಮ ಹಳೆಯ ಟ್ರಂಕಿನಿಂದ ಒಂದು ಹಾಳೆ ತಂದು ಕೊಟ್ಟರು. ಮಡಿಕೆಗಳಲ್ಲಿ ಹಳದಿಯಾದ, ಅಭ್ಯಾಸಕ್ಕಾಗಿ ಒಂದೇ ವಾಕ್ಯವನ್ನು ಇಪ್ಪತ್ತಮೂರು ಸಲ ಟೈಪ್ ಮಾಡಿದ ಹಾಳೆ. ಹದಿನಾರನೆಯ ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಿ ಬಿದ್ದಿದ್ದು, ಅದರ ಸುತ್ತ ಕಲಿಸಿದವರ ಕೆಂಪು ಶಾಯಿಯ ವೃತ್ತವಿದೆ. ಈಗ ಯಂತ್ರದ ರೋಲರಿನಲ್ಲಿರುವುದು ಆ ಹಾಳೆ. ಒಂದು ತಾಂತ್ರಿಕ ಮಾತು: ರೋಲರಿನ ಹಿಡಿತ ಹೊಸ ಗರಿಗರಿ ಕಾಗದಕ್ಕೆ ಸಾಕಾಗುತ್ತದೆ, ಮೆತ್ತಗಾದ ಹಳೆಯ ಕಾಗದವನ್ನು ಮಾತ್ರ ಕೈಯಿಂದ ನೇರ ಮಾಡಿ ಕೂರಿಸಬೇಕು.

ನನ್ನ ಕಪಾಟಿನಲ್ಲಿ ಹೆಚ್ಚುಕಡಿಮೆ ಇಷ್ಟೇ ತುಂಡುಗಳ ಇನ್ನೆರಡು ಸೆಟ್ಟುಗಳಿವೆ. 2021ರ ಆರ್ಕಿಟೆಕ್ಚರ್ ಮಾಲಿಕೆಯ ತಾಜ್‌ಮಹಲಿನಲ್ಲಿ 2,022, 2022ರಲ್ಲಿ ಬಂದ ವ್ಯಾನ್ ಗೋ ಅವರ ‘ಸ್ಟಾರಿ ನೈಟ್’ ಚಿತ್ರದ ಸೆಟ್ಟಿನಲ್ಲಿ 2,316. ಬೆಲೆಯನ್ನು ತುಂಡುಗಳ ಸಂಖ್ಯೆಯಿಂದ ಭಾಗಿಸಿ ಲಾಭನಷ್ಟ ತೂಗುವ ಪದ್ಧತಿ ನಮ್ಮವರಲ್ಲಿ ಇದೆ, ನಾನೂ ಹಾಗೆ ಮಾಡುತ್ತಿದ್ದೆ. ಈ ಮೂರನ್ನು ಕಟ್ಟಿದ ಮೇಲೆ ಬಿಟ್ಟೆ. ತಾಜ್‌ಮಹಲ್ ನಾಲ್ಕು ದಿಕ್ಕಿಗೂ ಒಂದೇ ರೂಪದ ಕಟ್ಟಡವಾದ್ದರಿಂದ ಮೊದಲ ಮಿನಾರಿಗೆ ಇದ್ದ ಉತ್ಸಾಹ ನಾಲ್ಕನೆಯದಕ್ಕೆ ಉಳಿಯುವುದಿಲ್ಲ, ಆದರೆ ಮುಗಿದ ಮೇಲೆ ಮನೆಗೆ ಬಂದವರೆಲ್ಲ ಮೊದಲು ನೋಡುವುದು ಅದನ್ನೇ. ಟೈಪ್‌ರೈಟರಿನದು ಇದಕ್ಕೆ ತದ್ವಿರುದ್ಧ. ಕಟ್ಟುವಾಗ ಕೈಬಿಡದ ಕುತೂಹಲ. ಕಪಾಟಿನಲ್ಲಿ ಇಟ್ಟ ಮೇಲೆ ಅದೊಂದು ಹಳೆಯ ಕಚೇರಿ ಸಾಮಾನು. ಬಂದವರು ಅದನ್ನು ಆಟಿಕೆಯೆಂದು ಗುರುತಿಸದೆ ಮುಂದೆ ಹೋಗಿಬಿಡುತ್ತಾರೆ, ಹಾಗೆ ಹೋದಾಗ ನನಗೆ ಒಳಗೊಳಗೇ ಸಂತೋಷವಾಗುತ್ತದೆಂಬುದನ್ನೂ ಒಪ್ಪಿಕೊಳ್ಳಬೇಕು.

ಇಡುವ ಜಾಗದ ಬಗ್ಗೆ ಕೊಳ್ಳುವ ಮೊದಲೇ ಯೋಚಿಸಿರಬೇಕು. ಇದರ ಅಗಲ ಸುಮಾರು 27, ಆಳ 26, ಎತ್ತರ 11 ಸೆಂಟಿಮೀಟರ್. ಎತ್ತರ ಕಡಿಮೆಯಿರುವುದನ್ನು ಕಂಡು ಪುಸ್ತಕದ ಕಪಾಟಿನಲ್ಲಿ ಇಡಬಹುದೆಂದು ನಾನು ಭಾವಿಸಿದ್ದೆ. ಪುಸ್ತಕಕ್ಕೆಂದು ಮಾಡಿಸಿದ ಹಲಗೆಯ ಆಳ ಇದಕ್ಕೆ ಸಾಲದೆ ಕೀಲಿಗಳ ಸಾಲು ಹೊರಗೆ ಚಾಚಿಕೊಂಡಿತು. ಕ್ಯಾರೇಜ್ ಪಕ್ಕಕ್ಕೆ ಸರಿಯಲು ಇನ್ನಷ್ಟು ಜಾಗ ಬಿಡಬೇಕು. ಬಡಗಿಯನ್ನು ಕರೆಸಿ ಒಂದೂಕಾಲು ಅಡಿ ಆಳದ ಗಾಜಿನ ಕಪಾಟನ್ನು ಮಾಡಿಸಿದೆ, ಅದರ ಖರ್ಚನ್ನು ಸೆಟ್ಟಿನ ಬೆಲೆಗೆ ಸೇರಿಸಿ ಹೇಳುವ ಪ್ರಾಮಾಣಿಕತೆ ನನಗೆ ಮನೆಯಲ್ಲಿ ಇನ್ನೂ ಬಂದಿಲ್ಲ. ಗಾಜು ಮಾತ್ರ ಅಗತ್ಯ. ಮಾರ್ಚಿಯಿಂದ ಮೇ ತಿಂಗಳವರೆಗೆ ನಮ್ಮ ಕಡೆ ಏಳುವ ಕೆಂಪು ಧೂಳು ಕೀಲಿಗಳ ಸಂದುಗಳಲ್ಲಿ ಕುಳಿತರೆ ಒರೆಸುವ ಬಟ್ಟೆ ಅಲ್ಲಿಗೆ ಹೋಗುವುದಿಲ್ಲ. ಒಣಗಿದ ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಒಂದೊಂದೇ ಕೀಲಿಯ ನಡುವೆ ಆಡಿಸಬೇಕು. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಇಡಬಾರದು, ಈ ಪ್ಲಾಸ್ಟಿಕ್ ವರ್ಷಗಳ ಬಿಸಿಲಿಗೆ ಬಣ್ಣಗೆಡುತ್ತದೆ. ನನ್ನ ಬಳಿಯ ಬಿಳಿ ಗೋಡೆಯ ಹಳೆಯ ಲೆಗೋ ಮನೆಯೊಂದು ಕಿಟಕಿಯ ಕಡೆಯ ಬದಿಯಲ್ಲಿ ಮಾತ್ರ ಮಜ್ಜಿಗೆಯ ಬಣ್ಣಕ್ಕೆ ತಿರುಗಿದೆ.

ಮನೆಗೆ ಬರುವ ಮಕ್ಕಳ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು. ಆಟಿಕೆಯನ್ನು ಗಾಜಿನೊಳಗೆ ಇಟ್ಟುಕೊಂಡು ಆರು ವರ್ಷದ ಹುಡುಗನಿಗೆ “ಮುಟ್ಟಬ್ಯಾಡ” ಎಂದು ಹೇಳುವ ನಲವತ್ತಾರು ವರ್ಷದ ಮನುಷ್ಯ ಯಾವ ನ್ಯಾಯಾಲಯದಲ್ಲಿಯೂ ಗೆಲ್ಲಲಾರ. ತಂಗಿಯ ಮಗ ಬಂದಾಗ ಉಳಿದ ಕಪಾಟುಗಳಿಗೆ ಬೀಗ ಹಾಕಿ, ಈ ಟೈಪ್‌ರೈಟರನ್ನು ಮಾತ್ರ ಟೇಬಲ್ಲಿನ ಮೇಲೆ ತೆಗೆದಿಡುತ್ತೇನೆ. ಒತ್ತುವುದಕ್ಕೆಂದೇ ಕಟ್ಟಿದ್ದಾದ್ದರಿಂದ ಸಂಗ್ರಹದ ಉಳಿದೆಲ್ಲಕ್ಕಿಂತ ಇದು ಗಟ್ಟಿಮುಟ್ಟು. ಅವನು ಎರಡೂ ಅಂಗೈಗಳಿಂದ ಗುದ್ದಿದಾಗ ಒಂದು ಕೀಲಿ ಕಳಚಿ ಸೋಫಾದ ಕೆಳಗೆ ಹೋದದ್ದುಂಟು, ಹುಡುಕಿ ಒತ್ತಿದರೆ ಮತ್ತೆ ಕುಳಿತುಕೊಂಡಿತು. ಮಾರುಕಟ್ಟೆಯಲ್ಲಿ ಕಾಲು ಬೆಲೆಗೆ ಸಿಗುವ ನಕಲುಗಳ ಬಗ್ಗೆ ಕೇಳುವವರಿಗೂ ಇದೇ ಉತ್ತರ: ಒಮ್ಮೆ ಅಂಥದೊಂದು ಕಾರನ್ನು ಕೊಂಡು ಕಟ್ಟಿದ್ದೇನೆ, ಸುಮ್ಮನೆ ನಿಂತಿರುವವರೆಗೆ ವ್ಯತ್ಯಾಸ ತಿಳಿಯದು, ಚಲಿಸುವ ಭಾಗಗಳಲ್ಲಿ ಹಿಡಿತದ ಕೂದಲೆಳೆಯ ಅಂತರವೇ ಎಲ್ಲವನ್ನೂ ನಿರ್ಧರಿಸುತ್ತದೆ. 1958ರ ಜನವರಿ 28ರಂದು ಲೆಗೋ ಕಂಪನಿ ಪೇಟೆಂಟಿಗೆ ಅರ್ಜಿ ಹಾಕಿದ ಇಟ್ಟಿಗೆಯ ಮೇಲೆ ಇಂದಿನ ಇಟ್ಟಿಗೆ ಕೂರುತ್ತದೆ ಎಂಬ ಮಾತಿನ ಬೆಲೆ ನನಗೆ ತಿಳಿದದ್ದು ಆ ಕಾರಿನ ಚಕ್ರ ಮೂರನೆಯ ಸಲ ಕಳಚಿದಾಗ.

ಈ ಸೆಟ್ಟಿನ ತಯಾರಿಕೆ ಈಗ ನಿಂತಿದೆ, ಹಾಗಾಗಿ ಕೊಳ್ಳಬೇಕೆಂದಿರುವವರು ಇನ್ನೊಬ್ಬ ಸಂಗ್ರಾಹಕರ ಕೈಯಿಂದಲೇ ಕೊಳ್ಳಬೇಕು. ಕಟ್ಟಿ ಇಟ್ಟದ್ದನ್ನು ಕೊಡುತ್ತೇನೆಂದರೆ ಒಪ್ಪಬೇಡಿ. ಬಿಚ್ಚಿ ಕೊಡಲು ಹೇಳಿ, ಇಲ್ಲವೇ ತಂದು ನೀವೇ ಪೂರ್ತಿ ಬಿಚ್ಚಿ. ಹದಿನೆಂಟು ಗಂಟೆಗಳ ಆ ಕೆಲಸವನ್ನು ಬಿಟ್ಟರೆ ನಿಮ್ಮ ಪಾಲಿಗೆ ಉಳಿಯುವುದು ಅಕ್ಷರ ಮೂಡಿಸದ ಒಂದು ಹಸಿರು ಪೆಟ್ಟಿಗೆ ಮಾತ್ರ, ಅದಕ್ಕೆ ಆ ದುಡ್ಡು ಹೆಚ್ಚು. ಬಿಚ್ಚುವ ಮುನ್ನ ಪ್ರತಿಯೊಂದು ಅಕ್ಷರದ ಕೀಲಿಯನ್ನೂ ಹತ್ತು ಸಲ ಒತ್ತಿ ನೋಡಿ, ಕ್ಯಾರೇಜ್ ಸಾಲಿನ ಕೊನೆಯವರೆಗೆ ಎಲ್ಲಿಯೂ ಎರಡು ಹೆಜ್ಜೆ ಜಿಗಿಯದೆ ಹೋಗುತ್ತದೆಯೇ ಎಂದು ಪರೀಕ್ಷಿಸಿ. ಕೀಲಿಗಳ ಅಕ್ಷರಗಳು, ರಿಬ್ಬನ್ ಮತ್ತು ಕೈಪಿಡಿ ಇವೆಯೇ ಎಂದು ಎಣಿಸಿಕೊಳ್ಳಿ, ಏಕೆಂದರೆ ಸಾಮಾನ್ಯ ಇಟ್ಟಿಗೆಗಳು ಎಲ್ಲಿಯಾದರೂ ಸಿಕ್ಕಾವು, ಇವು ಸಿಗುವುದು ಕಷ್ಟ. ಬಿಡುಗಡೆಯ ಬೆಲೆಯ ಒಂದೂವರೆ ಪಟ್ಟಿನವರೆಗೆ ನಾನಾದರೆ ಕೊಟ್ಟೇನು, ಅದಕ್ಕಿಂತ ಮೇಲೆ ಕೊಡಲಾರೆ. ಡಬ್ಬಿಯೂ ಇದೆ ಎಂದು ಮಾರುವವರು ಇನ್ನೆರಡು ಸಾವಿರ ಹೆಚ್ಚಿಗೆ ಕೇಳುತ್ತಾರೆ. ಕೊಡುವ ಮುನ್ನ ನಿಮ್ಮ ಅಟ್ಟ ಹತ್ತಿ, ಉಳಿದ ಡಬ್ಬಿಗಳ ನಡುವೆ ಅದಕ್ಕೆ ಜಾಗವಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.